ಏಳೋ ಎಂಟೋ: 1806ರ ಒಂದು ಹಾಫ್ ಈಗಲ್ ನಾಣ್ಯದ ಅಚ್ಚು ಪತ್ತೆಯಾದ ಬಗೆ

ಕಂದು ಕಾಗದದ ಪುಟ್ಟ ಲಕೋಟೆ. ಅದರ ಮೇಲೆ ಪೆನ್ಸಿಲ್ಲಿನಲ್ಲಿ, ಕನ್ನಡದಲ್ಲೇ, ಒಂದು ಸಾಲು: "6 ಚೂಪೋ ಗುಂಡೋ? ನಕ್ಷತ್ರ ಎಣಿಸಬೇಕು." ಒಳಗೆ ಅಮೆರಿಕದ 1806ನೇ ಇಸವಿಯ ಚಿನ್ನದ ನಾಣ್ಯ. ಐದು ಡಾಲರಿನದು, ಹಾಫ್ ಈಗಲ್ ಎನ್ನುವುದು ಇದಕ್ಕೇ. ಆ ಸಾಲು ಬರೆದವರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ, ಹಾಗಾಗಿ ಅವರು ನನಗೆ ಭಾವ. ಹಾಸನದ ಕಡೆಯವರು, ಪೆನ್ಸಿಲ್ವೇನಿಯಾಕ್ಕೆ ಬಂದು ನಲವತ್ತು ವರ್ಷ ದಾಟಿದೆ. ಭಾವನಿಗೆ ಹಳೆಯ ನಾಣ್ಯದ ಗೀಳಿದ್ದದ್ದು ನನಗೆ ಗೊತ್ತಿತ್ತು. ಚಿನ್ನದ್ದೊಂದನ್ನು ಕೊಂಡಿದ್ದಾರೆ ಎನ್ನುವುದು ಮಾತ್ರ ಅಕ್ಕ ಕಪಾಟು ತೆರೆದ ದಿನವೇ ತಿಳಿದದ್ದು.

"ನೋಡಪ್ಪಾ, ಇದು ಏನು ಅಂತ ಸರಿಯಾಗಿ ಹೇಳು. ವಿಮೆಯವರಿಗೆ ಬರೆದುಕೊಡಬೇಕು. ಮಗಳ ಕೈಗೆ ಕೊಡುವಾಗ ತಪ್ಪು ಹೆಸರು ಹೇಳಿ ಕೊಡಬಾರದು," ಎಂದರು ಅಕ್ಕ.

ಲಕೋಟೆಯ ಜೊತೆ ಕೊಂಡ ರಸೀದಿಯೂ ಇತ್ತು. ಅಂಗಡಿಯವರು "1806, ಚೂಪು 6" ಎಂದು, ಅಂದರೆ ಇಸವಿಯ 6ರ ತಲೆ ಚೂಪಾಗಿರುವ ಬಗೆ ಎಂದು ಬರೆದು, ಸಾಧಾರಣ 1806ಕ್ಕಿಂತ ಹೆಚ್ಚಿನ ಬೆಲೆ ಹಾಕಿದ್ದರು. ಭಾವ ಅಷ್ಟೂ ಕೊಟ್ಟಿದ್ದಾರೆ, ಆದರೆ ಮನೆಗೆ ಬಂದ ಮೇಲೆ ಅವರಿಗೆ ಅನುಮಾನ ಬಂದಿದೆ. ಆ ಪೆನ್ಸಿಲ್ ಸಾಲೇ ಅದಕ್ಕೆ ಸಾಕ್ಷಿ. ಎಣಿಸುವುದಕ್ಕೆ ಮೊದಲೇ ಕಾಯಿಲೆ ಬಿದ್ದರೋ, ಎಣಿಸಿಯೂ ಲೆಕ್ಕ ಹತ್ತಲಿಲ್ಲವೋ ನಮಗೆ ತಿಳಿಯಲಿಲ್ಲ. ಆ ಲೆಕ್ಕವನ್ನು ಮುಗಿಸಿದ ಬಗೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇಂಥ ನಾಣ್ಯ ಕೈಗೆ ಬಂದವರಿಗೆ ಉಪಯೋಗವಾದೀತು.

ಕೈಗೆ ಬಂದಾಗ ಹೇಗಿತ್ತು

ಅಕ್ಕ ಮೊದಲು ಮಾಡಹೊರಟದ್ದು ನಾಣ್ಯ ತೊಳೆಯುವ ಕೆಲಸ. ಅಂಟುವಾಳದ ಕಾಯಿ ನೆನೆಹಾಕಿಯೂ ಆಗಿತ್ತು. ನಮ್ಮ ಮನೆಗಳಲ್ಲಿ ಸರ, ಬಳೆಗಳಿಗೆಲ್ಲ ಅದೇ ಸ್ನಾನ, ತಪ್ಪೇನಿಲ್ಲ. ಆದರೆ ಹಳೆಯ ನಾಣ್ಯವನ್ನು ತೊಳೆಯಬಾರದು, ಉಜ್ಜಲೇಬಾರದು. ಚಿನ್ನ ಮೆತ್ತಗಿನ ಲೋಹ, ಮೃದುವಾದ ಬ್ರಷ್ ಆಡಿಸಿದರೂ ಕೂದಲೆಳೆಯಂಥ ಗೀರುಗಳು ಬೀಳುತ್ತವೆ. ಕೊಳ್ಳುವವರು ಅದನ್ನು ದೀಪದ ಕೆಳಗೆ ತಿರುಗಿಸಿದ ಕ್ಷಣಕ್ಕೆ ಪತ್ತೆ ಹಚ್ಚುತ್ತಾರೆ. ನಮಗೂ ತೊಂದರೆಯೇ, ಏಕೆಂದರೆ ಹಳ್ಳಗಳಲ್ಲಿ ಕೂತ ಕಪ್ಪು ಕೊಳೆ ಅಕ್ಷರ, ನಕ್ಷತ್ರಗಳ ಅಂಚನ್ನು ಎತ್ತಿ ತೋರಿಸುತ್ತಿರುತ್ತದೆ. ಅಂಟುವಾಳದ ನೀರನ್ನು ಅಕ್ಕನ ಬಳೆಗಳಿಗೆ ಬಿಟ್ಟುಕೊಟ್ಟು, ಮೇಜಿನ ಮೇಲೆ ಮಡಿಸಿದ ಟವೆಲ್ ಹಾಸಿ, ನಾಣ್ಯವನ್ನು ಅಂಚಿನಲ್ಲಿ ಹಿಡಿದು ಕೂತೆವು.

ತೂಕ 8.61 ಗ್ರಾಂ ಬಂತು. 1792ರ ಕಾನೂನಿನ ಪ್ರಕಾರ ಹಾಫ್ ಈಗಲ್ 135 ಗ್ರೇನ್, ಎಂದರೆ 8.75 ಗ್ರಾಂ ತೂಗಬೇಕು. ಚಿನ್ನದ ಪಾಲು ಹನ್ನೆರಡರಲ್ಲಿ ಹನ್ನೊಂದು, ಅಂದರೆ ನಮ್ಮ ಒಡವೆ ಅಂಗಡಿಗಳಲ್ಲಿ 916 ಎನ್ನುವ 22 ಕ್ಯಾರಟ್ಟು. ಸವೆದ ನಾಣ್ಯದಲ್ಲಿ ಒಂದಿಷ್ಟು ಕಡಿಮೆಯಾಗುವುದು ಸಹಜ. ದಾರ ಕಟ್ಟಿ ನೀರಿನಲ್ಲಿ ತೂಗಿದಾಗ 0.49 ಗ್ರಾಂ ಕಡಿಮೆ ತೋರಿತು. ಭಾಗಿಸಿದರೆ ಸಾಂದ್ರತೆ ಹದಿನೇಳೂವರೆಯ ಆಸುಪಾಸು, 22 ಕ್ಯಾರಟ್ ಚಿನ್ನಕ್ಕೆ ಹೊಂದುವ ಅಂಕಿ. ಅಂಚಿನ ಸಣ್ಣ ಗೀರುಸಾಲು ಸಮನಾಗಿತ್ತು, ಎರಕ ಹೊಯ್ದ ನಕಲಿಯಲ್ಲಿ ಕಾಣುವ ಗುಳ್ಳೆ, ಜೋಡಣೆಯ ಗೆರೆ ಯಾವುದೂ ಇರಲಿಲ್ಲ. ನಾಣ್ಯ ಅಸಲಿ ಎಂದು ನಂಬಿ ಮುಂದುವರಿಯಲು ಅಷ್ಟು ಸಾಕಾಗಿತ್ತು.

ಆದರೆ ನಾಣ್ಯ ಯಾವಾಗಲೋ ಆಭರಣವಾಗಿತ್ತು. ಮುಂಬದಿಯ ನೆತ್ತಿಯಲ್ಲಿ, ಗಡಿಯಾರದ 12 ಇರುವ ಕಡೆ, ಕುಣಿಕೆ ಬೆಸೆದು ಆಮೇಲೆ ಕಿತ್ತ ಗುರುತು. ಉದ್ದಿನಕಾಳಿನಷ್ಟು ಜಾಗದಲ್ಲಿ ಬೆಸುಗೆ ಹರಡಿ, ಕಿತ್ತವರು ಅರ ಹಾಕಿ ನುಣ್ಣಗೆ ಮಾಡಿದ್ದರು. ಕಾಸಿನ ಸರ ಕಂಡ ಕಣ್ಣಿಗೆ ಅದು ತಕ್ಷಣ ಗೊತ್ತಾಗುತ್ತದೆ. ಅಕ್ಕನೇ ಮೊದಲು ಬೆರಳಿಟ್ಟು ತೋರಿಸಿದ್ದು: "ಇದಕ್ಕೆ ಕೊಕ್ಕೆ ಹಾಕಿಸಿದ್ದರಲ್ಲ!" ಕೆಳಗೆ ಬಲಗಡೆ, ಎದೆಯ ತುದಿಯ ಹತ್ತಿರ, ಇನ್ನೊಂದು ಪೆಟ್ಟು. ಗಟ್ಟಿ ನೆಲಕ್ಕೆ ಬಿದ್ದು ಅಂಚು ಒಳಕ್ಕೆ ಒತ್ತಿಕೊಂಡಿತ್ತು, ಅದರ ಮೇಲೆ ಏನೋ ಉಜ್ಜಿಹೋಗಿತ್ತು. ಈ ಎರಡು ಗಾಯಗಳೇ ಮುಂದೆ ನಮ್ಮನ್ನು ಮೂರು ಸಂಜೆ ಕೂರಿಸಿದವು.

ಒಂದೇ ವರ್ಷ, ಆರು ಅಚ್ಚುಜೋಡಿ

ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ದವರಿಗೆ ಅಚ್ಚುಭೇದ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಮರದ ಅಚ್ಚಿನಲ್ಲಿ ಗಿಳಿಯ ಕೊಕ್ಕು ಮುರಿದಿದ್ದರೆ ಆ ಅಚ್ಚಿನಿಂದ ಬಂದ ಗಿಳಿಗಳೆಲ್ಲ ಮುರುಕು ಕೊಕ್ಕಿನವೇ. ಪಕ್ಕದ ಮನೆಯ ಅಚ್ಚಿನ ಗಿಳಿಗೆ ಕೊಕ್ಕು ನೆಟ್ಟಗಿದ್ದು ಬಾಲ ಮೊಂಡಾಗಿದ್ದರೆ, ಎಳ್ಳು ಬೀರಲು ಬಂದ ತಟ್ಟೆ ನೋಡಿಯೇ ಯಾರ ಮನೆಯ ಗಿಳಿ ಎಂದು ಹೇಳಬಹುದು. ನಾಣ್ಯದ್ದೂ ಅದೇ ಕತೆ, ಉಕ್ಕಿನ ಅಚ್ಚು ಎನ್ನುವುದಷ್ಟೇ ವ್ಯತ್ಯಾಸ.

ಫಿಲಡೆಲ್ಫಿಯಾದ ಮೊದಲ ಟಂಕಸಾಲೆ ಸೆವೆಂತ್ ಸ್ಟ್ರೀಟಿನಲ್ಲಿತ್ತು. ಅಲ್ಲಿ 1795ರಲ್ಲಿ ಚಿನ್ನದ ನಾಣ್ಯ ಶುರುವಾಯಿತು. ಕೆತ್ತನೆಗಾರ ರಾಬರ್ಟ್ ಸ್ಕಾಟ್. ಅಚ್ಚಿನ ನಡುವಿನ ಚಿತ್ರವನ್ನು, ಅಂದರೆ ಟೊಪ್ಪಿಗೆ ತೊಟ್ಟ ಸ್ವಾತಂತ್ರ್ಯದೇವಿಯ ಮುಖವನ್ನು, ಒಂದು ಮೂಲ ಅಚ್ಚಿನಿಂದ ಒತ್ತಿ ಇಳಿಸುತ್ತಿದ್ದರು. ಸುತ್ತಲಿನ ನಕ್ಷತ್ರ, ‘ಲಿಬರ್ಟಿ’ ಎಂಬ ಪದದ ಒಂದೊಂದು ಅಕ್ಷರ, ಇಸವಿಯ ಒಂದೊಂದು ಅಂಕಿ, ಇವೆಲ್ಲ ಬೇರೆ ಬೇರೆ ಠಸ್ಸೆಗಳು. ಅವನ್ನು ಒಂದೊಂದಾಗಿ ಅಚ್ಚಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆಯಬೇಕು, ಅದೂ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ. ಕೊನೆಗೆ ಉಕ್ಕನ್ನು ಕಾಯಿಸಿ ನೀರಿಗದ್ದಿ ಗಡುಸು ಮಾಡಿದರೆ ಅಚ್ಚು ಸಿದ್ಧ. ಕೈಯಿಂದ ಹೊಡೆದ ಹದಿಮೂರು ನಕ್ಷತ್ರ ಎರಡನೆಯ ಅಚ್ಚಿನಲ್ಲಿ ಕೂದಲಿನಷ್ಟೂ ಸರಿಯದೆ ಅದೇ ಜಾಗದಲ್ಲಿ ಬರುವುದು ಸಾಧ್ಯವೇ ಇಲ್ಲ. ತಪ್ಪುಗಳೂ ಆಗುತ್ತಿದ್ದವು. 1795ರ ಒಂದು ಹಿಂಬದಿ ಅಚ್ಚಿನಲ್ಲಿ ‘ಸ್ಟೇಟ್ಸ್’ ಪದದ ಕೊನೆಯ ಎಸ್ ಬದಲು ಡಿ ಹೊಡೆದುಬಿಟ್ಟು, ಅದರ ಮೇಲೆಯೇ ಎಸ್ ಹೊಡೆದು ಸರಿಪಡಿಸಿದ್ದಾರೆ. ಉಕ್ಕು ದುಬಾರಿ, ಒಳ್ಳೆಯ ಉಕ್ಕು ಇನ್ನೂ ದುರ್ಲಭ, ಹಾಗಾಗಿ ಹಳೆಯ ಅಚ್ಚು ಎಸೆಯುವ ಮಾತೇ ಇರಲಿಲ್ಲ. 1802ರ ಹಾಫ್ ಈಗಲ್‌ಗಳಲ್ಲೆಲ್ಲ 2ರ ಅಡಿಯಲ್ಲಿ 1 ಇಣುಕುತ್ತದೆ, 1803ರವುಗಳಲ್ಲೆಲ್ಲ 3ರ ಅಡಿಯಲ್ಲಿ 2. ಹದ್ದು ದೊಡ್ಡದಾಗಿರುವ ಹಿಂಬದಿ ಇದ್ದು ಮುಂದೆ 1795 ಎಂದಿರುವ ನಾಣ್ಯಗಳಂತೂ ಆ ವರ್ಷದವೇ ಅಲ್ಲ. ಹಳೆಯ ಮುಂಬದಿಯನ್ನು ಕೆಲವು ವರ್ಷ ಕಳೆದು ಹೊಸ ಹಿಂಬದಿಗೆ ಜೋಡಿಸಿ ಒತ್ತಿದವು. ನಾಣ್ಯದ ಮೇಲಿನ ಇಸವಿ ಅಚ್ಚು ಕೆತ್ತಿದ ವರ್ಷವನ್ನು ಹೇಳುತ್ತದೆ, ನಾಣ್ಯ ಒತ್ತಿದ ವರ್ಷವನ್ನು ಹೇಳಲೇಬೇಕೆಂದಿಲ್ಲ.

ಒಂದು ಮುಂಬದಿ, ಒಂದು ಹಿಂಬದಿ ಸೇರಿದರೆ ಒಂದು ಅಚ್ಚುಜೋಡಿ. 1795ರಿಂದ 1834ರವರೆಗಿನ ಚಿನ್ನದ ನಾಣ್ಯಗಳ ಜೋಡಿಗಳಿಗೆಲ್ಲ ಈಗ ಬಿಡಿ ಎಂಬ ಸಂಖ್ಯೆಗಳಿವೆ. ಡಲ್ಲಾಸಿನ ಹ್ಯಾರಿ ಬಾಸ್ ಜೀವಮಾನವಿಡೀ ಈ ನಾಣ್ಯಗಳನ್ನು ಕೂಡಿಹಾಕಿ ಅಚ್ಚುಗಳನ್ನು ಹೋಲಿಸಿ ಟಿಪ್ಪಣಿ ಇಟ್ಟವರು. ಅವರು 1998ರಲ್ಲಿ ತೀರಿಕೊಂಡ ಮೇಲೆ ಜಾನ್ ಡ್ಯಾನ್‌ರಾಯ್ತರ್ ಆ ಕೆಲಸವನ್ನು ಪೂರ್ತಿ ಮಾಡಿ 2006ರಲ್ಲಿ ಪ್ರಕಟಿಸಿದರು. ಬಾಸ್ ಅವರ ಬಿ, ಡ್ಯಾನ್‌ರಾಯ್ತರ್ ಅವರ ಡಿ. ಒಬ್ಬರ ಶ್ರದ್ಧೆಯನ್ನು ಇನ್ನೊಬ್ಬರು ಹೊತ್ತು ದಡ ಸೇರಿಸಿದ ಈ ಕೆಲಸದ ಬಗ್ಗೆ ನನಗೆ ತುಂಬಾ ಗೌರವ. ಅದಿಲ್ಲದಿದ್ದರೆ ಅಕ್ಕನ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ.

1806ಕ್ಕೆ ಆರು ಜೋಡಿಗಳು. ಒಂದರಿಂದ ಐದರವರೆಗೆ ಇಸವಿಯ 6ರ ತಲೆ ಚೂಪಾಗಿದೆ, ನಕ್ಷತ್ರಗಳು ಎಡಕ್ಕೆ 8, ಬಲಕ್ಕೆ 5. ಆರನೆಯದು, ಬಿಡಿ-6, ಇದೊಂದರಲ್ಲೇ 6ರ ತಲೆಗೆ ಗುಂಡು ಇದೆ, ನಕ್ಷತ್ರಗಳು ಎಡಕ್ಕೆ 7, ಬಲಕ್ಕೆ 6. ಆ ವರ್ಷದ ಬೆಳ್ಳಿಯ ಅರ್ಧ ಡಾಲರಿನಲ್ಲೂ ಚೂಪು 6, ಗುಂಡು 6 ಎರಡೂ ಇವೆ. ಲೆಕ್ಕದ ಪ್ರಕಾರ 1806ರಲ್ಲಿ ಹೊರಬಂದ ಹಾಫ್ ಈಗಲ್ ಒಟ್ಟು 64,093. ಅದರಲ್ಲಿ 9,676 ಚೂಪು ತಲೆಯವು, 54,417 ಗುಂಡು ತಲೆಯವು ಎಂದು ಕೈಪಿಡಿಗಳು ಹಂಚಿ ತೋರಿಸುತ್ತವೆ. ಈ ಹಂಚಿಕೆಯನ್ನು ಗೆರೆ ಎಳೆದಷ್ಟು ಖಚಿತ ಎಂದು ನಾನು ತೆಗೆದುಕೊಳ್ಳುವುದಿಲ್ಲ. ಟಂಕಸಾಲೆಯ ಲೆಕ್ಕಪತ್ರ ಎಷ್ಟು ನಾಣ್ಯ ಎನ್ನುತ್ತದೆಯೇ ಹೊರತು ಯಾವ ಅಚ್ಚಿನದು ಎನ್ನುವುದಿಲ್ಲ. ಆದರೂ ಗುಂಡು ತಲೆಯದೇ ಹೇರಳ ಎನ್ನುವುದರಲ್ಲಿ ಅನುಮಾನವಿಲ್ಲ, ಆ ಕಾಲದ ಹಾಫ್ ಈಗಲ್‌ಗಳಲ್ಲೇ ಇಷ್ಟು ಸುಲಭವಾಗಿ ಸಿಗುವ ಜೋಡಿ ಇನ್ನೊಂದಿಲ್ಲ. ಸುಲಭ ಎಂದರೂ ಆ ಕಾಲದ ಚಿನ್ನಕ್ಕೆ ಹೋಲಿಸಿದ ಮಾತು. ಅಮೆರಿಕದ ಕಾನೂನು ಚಿನ್ನ, ಬೆಳ್ಳಿಗಳ ಬೆಲೆಯನ್ನು 15ಕ್ಕೆ 1 ಎಂದು ಕಟ್ಟಿತ್ತು, ಯುರೋಪಿನಲ್ಲಿ ಚಿನ್ನಕ್ಕೆ ಅದಕ್ಕಿಂತ ಹೆಚ್ಚು ಬೆಳ್ಳಿ ಸಿಗುತ್ತಿತ್ತು. ಹೀಗಾಗಿ ನಾಣ್ಯಗಳು ಹಡಗು ಹತ್ತಿ ಹೋಗಿ ಕರಗಿದವು. 1834ರಲ್ಲಿ ಕಾನೂನು ತಿದ್ದಿ ನಾಣ್ಯದ ತೂಕ ಇಳಿಸುವವರೆಗೂ ಇದೇ ನಡೆಯಿತು.

ಹನ್ನೆರಡು ನಕ್ಷತ್ರ

ಹಾಗಾದರೆ ಎಣಿಸಿದರಾಯಿತಲ್ಲ, ಏಳೋ ಎಂಟೋ ಗೊತ್ತಾಗುತ್ತದೆ! ನಾವೂ ಹಾಗೆಯೇ ಅಂದುಕೊಂಡು ಕೂತದ್ದು. ಎಣಿಕೆ ಶುರುವಾಗುವುದು ಇಸವಿಯ ಎಡಕ್ಕೆ, ಕೂದಲಿನ ಕೆಳಗಿರುವ ನಕ್ಷತ್ರದಿಂದ. ಅಲ್ಲಿಂದ ಪ್ರದಕ್ಷಿಣೆಯಾಗಿ ಮೇಲೇರಿ, ‘ಲಿಬರ್ಟಿ’ ಪದ ದಾಟಿ, ಮುಖದ ಎದುರಿನಿಂದ ಕೆಳಗಿಳಿದು ಎದೆಯ ತುದಿಗೆ ಬಂದರೆ ಮುಗಿಯಿತು. ಅಕ್ಕ ಎಣಿಸಿದರು, ನಾನು ಎಣಿಸಿದೆ. ಎಡಕ್ಕೆ ಏಳು, ಬಲಕ್ಕೆ ಐದು. ಹನ್ನೆರಡು.

ಇರಬೇಕಾದದ್ದು ಹದಿಮೂರು. ಒಂದು ಕಾಣೆಯಾಗಿದೆ, ಕಾಣೆಯಾಗಲು ಎರಡು ಜಾಗಗಳಿವೆ. ನೆತ್ತಿಯ ಬೆಸುಗೆಯ ಅಡಿಯಲ್ಲಿ ಎಡಸಾಲಿನ ಎಂಟನೆಯದು ಅಡಗಿದ್ದರೆ ಇದು 8+5, ಚೂಪು 6. ಬಲಗಡೆ ಕೆಳಗಿನ ಪೆಟ್ಟಿನಲ್ಲಿ ಆರನೆಯದು ಅಳಿಸಿದ್ದರೆ 7+6, ಗುಂಡು 6. ಗಾಯಗಳೆರಡೂ ಪ್ರಶ್ನೆ ಇದ್ದ ಜಾಗದಲ್ಲೇ ಆಗಿದ್ದವು. ಭಾವ ಎಣಿಸಿರಲಿಲ್ಲ ಎಂದಲ್ಲ, ಅವರಿಗೂ ಹನ್ನೆರಡೇ ಬಂದಿರಬೇಕು ಎಂದು ನನಗೆ ಅನಿಸಿದ್ದು ಆಗಲೇ.

ಇಲ್ಲಿ ಒಂದು ಮಾತು ಮುಖ್ಯ. ಸವೆತ, ಪೆಟ್ಟು, ಬೆಸುಗೆ, ಅರ ಇವೆಲ್ಲ ಆಕಾರವನ್ನು ಕೆಡಿಸುತ್ತವೆ. ಉಳಿದದ್ದರ ಜಾಗವನ್ನು ಮಾತ್ರ ಯಾವುದೂ ಕದಲಿಸಲಾರದು. ಮೂರನೆಯ ನಕ್ಷತ್ರ ಸವೆದು ಬೊಟ್ಟಿನಂತಾಗಿರಬಹುದು, ಆದರೆ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಅದು ಇರುವ ದೂರ ಠಸ್ಸೆ ಹೊಡೆದ ದಿನ ಎಷ್ಟಿತ್ತೋ ಅಷ್ಟೇ. ಹಾಗಾಗಿ ಕಾಣದ ಒಂದನ್ನು ಹುಡುಕುವುದಕ್ಕಿಂತ ಕಾಣುವ ಹನ್ನೆರಡನ್ನು ಕೇಳುವುದು ಮೇಲು.

ನಾಣ್ಯವನ್ನು ಮಟ್ಟಸವಾಗಿಟ್ಟು, ಕ್ಯಾಮೆರಾವನ್ನು ನೇರ ಮೇಲಿನಿಂದ ಹಿಡಿದು ಫೋಟೊ ತೆಗೆದೆ. ಸ್ವಲ್ಪ ಓರೆಯಾದರೂ ಒಂದು ಕಡೆಯ ನಕ್ಷತ್ರಗಳು ಹತ್ತಿರ ಬಂದ ಹಾಗೆ ಕಂಡು ಹೋಲಿಕೆ ಹಾಳಾಗುತ್ತದೆ. ಹರಾಜಿನಲ್ಲಿ ಮಾರಾಟವಾದ, ಚೆನ್ನಾಗಿ ಉಳಿದ ನಾಣ್ಯಗಳ ದೊಡ್ಡ ಫೋಟೊಗಳು ಸಿಗುತ್ತವೆ. ಅವುಗಳಲ್ಲಿ ಚೂಪು 6ರ ಬೇರೆ ಬೇರೆ ಜೋಡಿಗಳನ್ನೂ ಗುಂಡು 6ರದನ್ನೂ ಆರಿಸಿ, ಕಂಪ್ಯೂಟರಿನಲ್ಲಿ ನಮ್ಮ ನಾಣ್ಯವನ್ನು ಅರೆಪಾರದರ್ಶಕ ಮಾಡಿ ಒಂದರ ಮೇಲೊಂದು ಇಟ್ಟೆ.

ಮೊದಲ ಸಂಜೆ ಹೊಂದಿಕೆಯಾಗಲೇ ಇಲ್ಲ. ನಾಣ್ಯದ ಹೊರ ಸುತ್ತಳತೆಯನ್ನು ಸರಿಹೊಂದಿಸಿ ಇಟ್ಟಿದ್ದೆ, ಅದು ತಪ್ಪು. ಕುಣಿಕೆ ಕಿತ್ತ ಕಡೆ ಅಂಚು ಅರಕ್ಕೆ ಸಿಕ್ಕಿದೆ, ಕೆಳಗೆ ಪೆಟ್ಟು ತಿಂದು ಒಳಕ್ಕೆ ಹೋಗಿದೆ, ಆ ಅಂಚನ್ನು ನಂಬಿ ಅಳೆದರೆ ಅಳತೆಯೆಲ್ಲ ವಾಲುತ್ತದೆ. ಅಲ್ಲದೆ ಆ ಕಾಲದ ನಾಣ್ಯಗಳು ಬಿಗಿ ಬಳೆಯೊಳಗೆ ಕೂರಿಸಿ ಒತ್ತಿದವಲ್ಲ, ಒಳ್ಳೆಯ ನಾಣ್ಯಗಳಲ್ಲೂ ಚಿತ್ರ ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ. ಮಾರನೆಯ ಸಂಜೆ ಹೊಳೆಯಿತು: ಮುಖವನ್ನು ಒಂದೇ ಮೂಲ ಅಚ್ಚಿನಿಂದ ಇಳಿಸಿದ್ದಲ್ಲವೇ? ಹಾಗಿದ್ದರೆ ಮುಖಕ್ಕೆ ಮುಖ ಹೊಂದಿಸಬೇಕು. ಕಣ್ಣಿನ ಕೊನೆ, ಟೊಪ್ಪಿಗೆಯ ಮಡಿಕೆ, ಎದೆಯ ತುದಿ, ಈ ಮೂರು ಕೂಡಿದರೆ ಚಿತ್ರ ಕೂಡಿತು. ಆಮೇಲೆ ಕೈಯಿಂದ ಹೊಡೆದದ್ದು ಯಾವುದು ಎಲ್ಲಿದೆ ಎಂದು ನೋಡಿದರೆ ಸಾಕು.

ಹಾಗೆ ಇಟ್ಟಾಗ ಚೂಪು 6ರ ಫೋಟೊಗಳ ಮೇಲೆ ನಮ್ಮ ನಾಣ್ಯದ ನಕ್ಷತ್ರಗಳು ಜೋಡಿ ಜೋಡಿಯಾಗಿ ಕಂಡವು, ಕಣ್ಣು ಮಂಜಾದಾಗ ದೀಪ ಎರಡಾಗಿ ಕಾಣುವಂತೆ. ಕೆಳಗಿನ ಒಂದೆರಡು ಹತ್ತಿರ ಬಂದರೂ ಮೇಲೇರಿದಂತೆ ಅಂತರ ಹೆಚ್ಚುತ್ತಿತ್ತು. ‘ಲಿಬರ್ಟಿ’ಯ ಅಕ್ಷರಗಳೂ ಟೊಪ್ಪಿಗೆಗೆ ಹೋಲಿಸಿದರೆ ಬೇರೆ ಕಡೆ ಇದ್ದವು. ಗುಂಡು 6ರ ಫೋಟೊ ತಂದು ಮುಖಕ್ಕೆ ಮುಖ ಹೊಂದಿಸಿದೆ. ಎಡಗಡೆಯ ಏಳೂ ಏಳರ ಮೇಲೆ ಕೂತವು. ಬಲಗಡೆಯ ಐದೂ ಐದರ ಮೇಲೆ ಕೂತವು. ಬೆಸುಗೆಯ ಪಕ್ಕದಲ್ಲಿ ಅರ್ಧ ಉಳಿದಿದ್ದ ಎಲ್ ಅಕ್ಷರದ ಪಾದ ತನ್ನ ಜಾಗದಲ್ಲಿ ಕೂತಿತು. ಹಿಂದೆ ನಿಂತು ನೋಡುತ್ತಿದ್ದ ಅಕ್ಕ, "ಎಲ್ಲ ಒಂದೇ ಆಗೋಯ್ತಲ್ಲೋ!" ಎಂದರು. ಬೆಸುಗೆಯ ಅಡಿಯಲ್ಲಿ ನಕ್ಷತ್ರಕ್ಕೆ ಜಾಗವೇ ಇರಲಿಲ್ಲ. ಆ ಫೋಟೊದಲ್ಲಿ ಹದಿಮೂರನೆಯ ನಕ್ಷತ್ರ ಇದ್ದದ್ದು ನಮ್ಮ ನಾಣ್ಯದಲ್ಲಿ ಪೆಟ್ಟು ಬಿದ್ದ ಕಡೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಇರಬೇಕು ಎನ್ನುವುದು ಬೇರೆ, ಇದೆ ಎನ್ನುವುದು ಬೇರೆ. ಮೂರನೆಯ ಸಂಜೆ ಕೋಣೆಯ ದೀಪಗಳನ್ನೆಲ್ಲ ಆರಿಸಿ, ಮೊಬೈಲ್ ಟಾರ್ಚನ್ನು ಮೇಜಿಗೆ ತಾಗಿಸಿ ಮಲಗಿಸಿ, ನಾಣ್ಯದ ಮೇಲೆ ಬೆಳಕು ತೀರಾ ಓರೆಯಾಗಿ ಹಾಯುವಂತೆ ಮಾಡಿದೆವು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಕಣ್ಣಿಗೆ ಹಿಡಿದು ನಾಣ್ಯವನ್ನು ಬೆರಳಿನಿಂದ ಕೂದಲೆಳೆಯಷ್ಟು, ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. ಒಂದು ಕೋನದಲ್ಲಿ ಪೆಟ್ಟಿನ ಅಂಚಿನಲ್ಲಿ ಎರಡು ಸಣ್ಣ ಮೊನೆಗಳು ಎದ್ದವು, ಗರಿಕೆಯ ಎರಡು ಕುಡಿಗಳ ಹಾಗೆ ಒಂದರಿಂದೊಂದು ಅಗಲಿ. ಇನ್ನಷ್ಟು ತಿರುಗಿಸಿದರೆ ಮಾಯ. ಈ ನಾಣ್ಯಗಳ ನಕ್ಷತ್ರಕ್ಕೆ ಆರು ಮೊನೆ. ಪ್ರತಿಯೊಂದನ್ನೂ ಕೈಯಲ್ಲಿ ಹೊಡೆದದ್ದರಿಂದ ಮೊನೆಗಳು ಎತ್ತ ತಿರುಗಿವೆ ಎನ್ನುವುದೂ ಒಂದೊಂದಕ್ಕೆ ಒಂದೊಂದು ಬಗೆ. ಫೋಟೊದಲ್ಲಿ ಹದಿಮೂರನೆಯ ನಕ್ಷತ್ರದ ಎರಡು ಮೊನೆ ಎತ್ತ ಬಾಗಿದ್ದವೋ ಇವೂ ಅತ್ತಲೇ ಬಾಗಿದ್ದವು. ಅಕ್ಕನಿಗೆ ಭೂತಗನ್ನಡಿ ಕೊಟ್ಟೆ. ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು, ಕೊನೆಗೂ ಅವರ ಕಣ್ಣಿಗೆ ಸಿಕ್ಕಿತು. ಬಹಳ ಹೊತ್ತು ಕೆಳಗಿಡಲಿಲ್ಲ.

6ರ ತಲೆ

ಹಾಗಿದ್ದರೆ ಅಂಗಡಿಯವರಿಗೆ 6 ಚೂಪಾಗಿ ಕಂಡದ್ದು ಹೇಗೆ? ಅದಕ್ಕೂ ಕಾರಣ ಸಿಕ್ಕಿತು. ಬರಿಗಣ್ಣಿಗೆ ನಮಗೂ ಅದು ಚೂಪಾಗಿಯೇ ಕಂಡಿತ್ತು. 6ರ ಬಾಲ ಮೇಲೆದ್ದು ಬಾಗಿ ಮುಗಿಯುವಲ್ಲಿ ಸಾಸಿವೆಗಿಂತ ಸಣ್ಣ ಗುಂಡೊಂದು ಇರಬೇಕು. ನಮ್ಮ ನಾಣ್ಯದಲ್ಲಿ ಆ ಗುಂಡಿನ ಮೇಲೆ ಒಂದು ಗೀರು ಓರೆಯಾಗಿ ಹಾದುಹೋಗಿ ಕೆಳಭಾಗವನ್ನು ಕೊಯ್ದಿತ್ತು. ಉಳಿದ ಮೇಲುಭಾಗ ಕೊಡಲಿಯ ಬಾಯಿಯಂತೆ ಚೂಪಾಗಿ ನಿಂತಿತ್ತು.

ಗೀರು ಯಾವುದು, ಅಚ್ಚಿನಿಂದ ಬಂದದ್ದು ಯಾವುದು ಎಂದು ಬೇರ್ಪಡಿಸುವುದು ಕಲಿಯಬೇಕಾದ ವಿದ್ಯೆ. ಗೀರು ಎಂದರೆ ಕಾಲುವೆ, ನೆಲಕ್ಕಿಂತ ತಗ್ಗಿಗೆ ಇಳಿಯುತ್ತದೆ, ಎರಡೂ ದಡಗಳಲ್ಲಿ ಉತ್ತ ಮಣ್ಣಿನ ಹಾಗೆ ಲೋಹ ಸಣ್ಣಗೆ ಎದ್ದಿರುತ್ತದೆ. ಅಚ್ಚಿನಿಂದ ಬಂದ ರೇಖೆ ಹಾಗಲ್ಲ, ನೆಲದಿಂದ ನುಣುಪಾಗಿ ಮೇಲೇಳುತ್ತದೆ. 6ರ ತಲೆಯ ಪಕ್ಕ ದಡ ಸ್ಪಷ್ಟವಾಗಿತ್ತು. ಬಾಲದ ಹೊರಬಾಗು ಕೊನೆಯಲ್ಲಿ ತೆಳ್ಳಗಾಗುವ ಬದಲು ದಪ್ಪವಾಗುತ್ತಾ ಹೋಗಿತ್ತು. ಚೂಪು 6ರಲ್ಲಿ ಅದು ತೆಳ್ಳಗಾಗಬೇಕಿತ್ತು.

ಅಂಕಿಯ ಆಕಾರಕ್ಕೆ ಬೆಲೆಯಿಲ್ಲ ಎಂದು ನಾನು ಹೇಳುತ್ತಿಲ್ಲ. 1804ರ ಹತ್ತು ಡಾಲರಿನ ಈಗಲ್ ನಾಣ್ಯದ ಗುಟ್ಟು ಬಯಲಾದದ್ದರಲ್ಲಿ 4ರ ಆಕಾರಕ್ಕೂ ದೊಡ್ಡ ಪಾಲಿದೆ. ಆ ವರ್ಷ ಒತ್ತಿದವುಗಳಲ್ಲಿ 4ರ ಅಡ್ಡಗೆರೆಯ ತುದಿಗೆ ಸಣ್ಣ ನಿಲುಗೆರೆಯಿದೆ. ಆ ನಿಲುಗೆರೆಯಿಲ್ಲದ ಬೋಳು 4ರ ನಾಣ್ಯಗಳು ಮೂವತ್ತು ವರ್ಷ ಕಳೆದು, ಸಯಾಮಿನ ರಾಜನಂಥವರಿಗೆ ಉಡುಗೊರೆ ಕೊಡಲು ಹೊಸ ಅಚ್ಚು ಮಾಡಿ ಒತ್ತಿದವು. ಅವು ಚೊಕ್ಕವಾಗಿ ಉಳಿದ ನಾಣ್ಯಗಳು, ಅಲ್ಲಿ ಆಕಾರವನ್ನು ನಂಬಬಹುದು. ಕುತ್ತಿಗೆಯಲ್ಲಿ ತೂಗಾಡಿ ನೆಲಕ್ಕೆ ಬಿದ್ದು ಬಂದ ನಾಣ್ಯದಲ್ಲಿ ಒಂದು ಅಂಕಿಯ ತುದಿಯನ್ನು ನೋಡಿ ಹೆಸರಿಡುವುದು ಅವಸರ. ಅಂಗಡಿಯವರು ಬೇಕೆಂದೇ ಮೋಸ ಮಾಡಿದರು ಎಂದು ನನಗನಿಸುವುದಿಲ್ಲ. 6 ನೋಡಿದರು, ನಕ್ಷತ್ರ ನೋಡಲಿಲ್ಲ. ಆದರೆ ಹೆಚ್ಚು ಹಣ ತೆಗೆದುಕೊಳ್ಳುವವರು ಹೆಚ್ಚು ನೋಡಬೇಕಿತ್ತು, ಇದು ನನ್ನ ನೇರ ಅಭಿಪ್ರಾಯ.

ಹಿಂಬದಿ

ಗುಂಡು 6ಕ್ಕೆ ಇರುವುದು ಒಂದೇ ಜೋಡಿಯಾದ್ದರಿಂದ ಮುಂಬದಿ ಗೊತ್ತಾದರೆ ಹಿಂಬದಿ ತಾನಾಗಿಯೇ ಗೊತ್ತಾಗಬೇಕು. ಆದರೂ ನೋಡಿದೆವು. ಹೊಂದದೆ ಹೋಗಿದ್ದರೆ ಅದುವರೆಗೆ ಯಾರೂ ಕಾಣದ ಜೋಡಿ ಎನ್ನಬೇಕು, ಇಲ್ಲವೇ ನಾಣ್ಯ ನಕಲಿ ಎನ್ನಬೇಕು. ಎರಡೂ ಸಣ್ಣ ಮಾತಲ್ಲ. ಹದ್ದಿನ ರೆಕ್ಕೆಯ ತುದಿಗೆ ಯಾವ ಅಕ್ಷರದ ಯಾವ ಕಾಲು ತಾಗುತ್ತದೆ, ಬಾಣಗಳ ತುದಿ ಎಲ್ಲಿ ಮುಗಿಯುತ್ತದೆ, ಮೋಡಗಳ ಕೆಳಗಿನ ನಕ್ಷತ್ರಗಳು ಕೊಕ್ಕಿಗೆ ಎಷ್ಟು ಹತ್ತಿರ, ಹೀಗೆ ಒಂದೊಂದೇ ಹೋಲಿಸಿದೆ. ಎಲ್ಲವೂ ಬಿಡಿ-6ಕ್ಕೆ ಹೊಂದಿದವು. ಐದು ಡಾಲರ್ ಎಂದು ಬರೆದ ಜಾಗವನ್ನು ಅಕ್ಕ ಹುಡುಕುತ್ತಿದ್ದರು. 1807ರಲ್ಲಿ ಜಾನ್ ರೈಶ್ ಹೊಸ ವಿನ್ಯಾಸ ಮಾಡುವವರೆಗೆ ಹಾಫ್ ಈಗಲ್ ಮೇಲೆ ಬೆಲೆ ಬರೆದದ್ದೇ ಇಲ್ಲ, ತೂಕವೇ ಅದರ ಬೆಲೆ.

ಹದ್ದಿನ ಎದೆಯ ಗುರಾಣಿಯ ಮೇಲೆ ಐದಾರು ಗೀರುಗಳು ಒಂದರ ಪಕ್ಕ ಒಂದು, ಬಾಚಣಿಗೆ ಎಳೆದಂತೆ ಓರೆಯಾಗಿ ಹಾದಿದ್ದವು. ಇದನ್ನೂ ಪೆಟ್ಟು ಎಂದುಕೊಂಡು ಅಕ್ಕನ ಮುಖ ಸಣ್ಣಗಾಯಿತು. ಇದು ಪೆಟ್ಟಲ್ಲ, ಟಂಕಸಾಲೆಯದೇ ಕೆಲಸ. ಒತ್ತುವ ಮೊದಲು ಪ್ರತಿ ಚಿನ್ನದ ಬಿಲ್ಲೆಯನ್ನೂ ತಕ್ಕಡಿಯಲ್ಲಿ ತೂಗುತ್ತಿದ್ದರು. ಕಡಿಮೆಯಿದ್ದರೆ ಮತ್ತೆ ಕುಲುಮೆಗೆ. ಜಾಸ್ತಿಯಿದ್ದರೆ ಅರ ಆಡಿಸಿ ಸರಿತೂಕಕ್ಕೆ ತರುತ್ತಿದ್ದರು. ಒತ್ತಿದಾಗ ಲೋಹ ಎಲ್ಲ ಕಡೆಯೂ ಅಚ್ಚಿನೊಳಗೆ ಪೂರ್ತಿ ತುಂಬಿಕೊಳ್ಳುವುದಿಲ್ಲ, ಅಲ್ಲಿ ಅರದ ಗೀರು ಉಳಿದುಬಿಡುತ್ತದೆ. ಅದನ್ನು ಹೇಳಿದ ಮೇಲೆ ಅಕ್ಕ ಆ ಗೀರುಗಳ ಮೇಲೆ ಬೆರಳು ತಾಗದಂತೆ ಒಮ್ಮೆ ಗಾಳಿಯಲ್ಲೇ ಸವರಿದರು. "ಇನ್ನೂರು ವರ್ಷದ ಹಿಂದೆ ಯಾರೋ ಕೂತು ಉಜ್ಜಿದ್ದಾರೆ," ಎಂದರು.

ಬರೆದುಕೊಟ್ಟದ್ದು

ವಿಮೆಯವರಿಗೆ ನಾವು ಕೊಟ್ಟ ವಿವರ ಚಿಕ್ಕದು: 1806ರ ಹಾಫ್ ಈಗಲ್, ಗುಂಡು 6, ನಕ್ಷತ್ರ 7+6, ಬಿಡಿ-6, ಕುಣಿಕೆ ತೆಗೆದ ಗುರುತು ನೆತ್ತಿಯಲ್ಲಿ, ಅಂಚಿಗೆ ಪೆಟ್ಟು ಹದಿಮೂರನೆಯ ನಕ್ಷತ್ರದ ಬಳಿ, ತೂಕ 8.61 ಗ್ರಾಂ. ಜೊತೆಗೆ ಮುಂಬದಿ, ಹಿಂಬದಿ, ಓರೆ ಬೆಳಕಿನಲ್ಲಿ ಕಂಡ ಎರಡು ಮೊನೆ, ಮೂರು ಫೋಟೊ. ನಾಣ್ಯದ ದರ್ಜೆ ಕಟ್ಟುವ ಕಂಪನಿಗೆ ಕಳುಹಿಸಿದರೂ ಅವರು ಬೆಸುಗೆಯ ಕಾರಣಕ್ಕೆ ಅಂಕ ಕೊಡದೆ, ಅಸಲಿ ಆದರೆ ಹಾನಿಯಾಗಿದೆ ಎಂದೇ ಬರೆಯುತ್ತಾರೆ ಎಂದು ಅಕ್ಕನಿಗೆ ಮೊದಲೇ ಹೇಳಿದೆ. ರಸೀದಿಯ ಬೆಲೆ ಈ ನಾಣ್ಯಕ್ಕೆ ಸಲ್ಲುವುದಲ್ಲ ಎಂದೂ ಹೇಳಿದೆ. ಮುಚ್ಚಿಟ್ಟು ಸಮಾಧಾನ ಮಾಡುವುದು ಸರಿಯಲ್ಲ.

"ಹಾಗಾದರೆ ಅವರು ಮೋಸ ಹೋದರಾ?" ಎಂದು ಕೇಳಿದರು.

"ಹಣದಲ್ಲಿ ಹೌದು ಅಕ್ಕಾ, ಸ್ವಲ್ಪ. ಆದರೆ ಭಾವನಿಗೆ ಅನುಮಾನ ಬಂದಿತ್ತಲ್ಲ. ಏನು ನೋಡಬೇಕು ಅಂತಲೂ ಗೊತ್ತಿತ್ತು. 6 ಅಲ್ಲ, ನಕ್ಷತ್ರ ಅಂತ ಅವರೇ ಬರೆದಿಟ್ಟಿದ್ದಾರೆ."

ಅಂಗಡಿ ಮುಚ್ಚಿ ಬಹಳ ಕಾಲವಾಗಿತ್ತು, ಕೇಳಲು ಯಾರೂ ಇರಲಿಲ್ಲ. ಅಕ್ಕ ರಸೀದಿಯನ್ನು ಮಡಿಸಿ ಬೇರೆ ಕಡೆ ಇಟ್ಟರು. ನಾಣ್ಯಕ್ಕೆ ಹೊಸ ಪ್ಲಾಸ್ಟಿಕ್ ಡಬ್ಬಿ ತಂದಿದ್ದೆ, ಅದರೊಳಗೆ ಹಾಕಿ ಮುಚ್ಚಿದೆವು. ಹಳೆಯ ಲಕೋಟೆ ಖಾಲಿಯಾಗಿ ಮೇಜಿನ ಮೇಲೆ ಉಳಿದಿತ್ತು. ಎಸೆಯಲೇ ಎಂದು ನಾನು ಕೇಳಲಿಲ್ಲ. ಅವರು ಒಳಗಿನಿಂದ ಪೆನ್ಸಿಲ್ ತಂದು, ಭಾವನ ಸಾಲಿನ ಕೆಳಗೆ ತಮ್ಮ ಅಕ್ಷರದಲ್ಲಿ ಬರೆದರು: "ಎಣಿಸಿದೆವು. 7+6."

ಆಮೇಲೆ ಲಕೋಟೆಯನ್ನು ಡಬ್ಬಿಗೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಮಗಳ ಹೆಸರಿನ ಪೆಟ್ಟಿಗೆಯಲ್ಲಿ ಇಟ್ಟರು.